ಬೇಲ್ ತಂತಿ ತೆಗೆಯುವ ಸ್ವಯಂಚಾಲಿತ ವ್ಯವಸ್ಥೆ

ಬೇಲ್ ತಂತಿ ತೆಗೆಯುವ ಸ್ವಯಂಚಾಲಿತ ವ್ಯವಸ್ಥೆಯು ಮರುಬಳಕೆಯ ಕಾಗದ ತಯಾರಿಕೆಯಲ್ಲಿ ಬಳಸಲಾಗುವ ಒಂದು ಯಂತ್ರವ್ಯವಸ್ಥೆಯಾಗಿದೆ. ರದ್ದಿ ಕಾಗದವನ್ನು ಒತ್ತಿ ಕಟ್ಟಿದ ದೊಡ್ಡ ಗಂಟನ್ನು ಬೇಲ್ ಎಂದು ಕರೆಯಲಾಗುತ್ತದೆ. ಬೇಲಿಗೆ ಬಿಗಿದಿರುವ ಉಕ್ಕಿನ ತಂತಿಗಳನ್ನು ಗುರುತಿಸುವುದು, ಕತ್ತರಿಸುವುದು, ಎಳೆದು ಸುರುಳಿ ಸುತ್ತುವುದು ಈ ಯಂತ್ರದ ಕೆಲಸ. ಕಾಗದವು ಪಲ್ಪರ್ ಎಂಬ ತೊಟ್ಟಿಯಲ್ಲಿ ನೀರಿನೊಡನೆ ಕಲಸಿ ತಿರುಳಾಗುವುದಕ್ಕೆ ಮೊದಲು ಈ ಕಾರ್ಯ ನಡೆಯುತ್ತದೆ. ಕಾರ್ಮಿಕರ ಸುರಕ್ಷತೆ, ತಿರುಳಿನ ಶುದ್ಧತೆ ಹಾಗೂ ಯಂತ್ರಗಳ ಬಾಳಿಕೆ ಈ ವ್ಯವಸ್ಥೆಯ ಮುಖ್ಯ ಉದ್ದೇಶಗಳಾಗಿವೆ.

ಹಿನ್ನೆಲೆ

ಬಳಸಿದ ಕಾಗದದಿಂದ ಹೊಸ ಕಾಗದವನ್ನು ತಯಾರಿಸುವ ಪ್ರಯತ್ನ ಹಳೆಯದು. ಜರ್ಮನಿಯ ಗೊಟಿಂಗನ್ ನಗರದ ಯುಸ್ಟುಸ್ ಕ್ಲಾಪ್ರೋಥ್ ಎಂಬ ನ್ಯಾಯಶಾಸ್ತ್ರ ವಿದ್ವಾಂಸನು ಮುದ್ರಿತ ಕಾಗದದ ಶಾಯಿಯನ್ನು ತೊಳೆದು ಮತ್ತೆ ಕಾಗದ ಮಾಡುವ ಬಗೆಯನ್ನು 1774ರಲ್ಲಿ ಪ್ರಕಟಿಸಿದನು. 1800ರಲ್ಲಿ ಇಂಗ್ಲೆಂಡಿನಲ್ಲಿ ಮಥಿಯಾಸ್ ಕೂಪ್ಸ್ ಎಂಬಾತನು ಇದೇ ಬಗೆಯ ಕಾರ್ಯಕ್ಕೆ ಪೇಟೆಂಟ್ ಪಡೆದನು. ಮರುಬಳಕೆಯು ದೊಡ್ಡ ಉದ್ಯಮವಾಗಿ ಬೆಳೆದಂತೆ ಹಗುರವೂ ಹರಡುವಂಥದ್ದೂ ಆದ ರದ್ದಿಯನ್ನು ದೂರ ಸಾಗಿಸಲು ಅದನ್ನು ಒತ್ತಿ ಕಟ್ಟುವುದು ಅನಿವಾರ್ಯವಾಯಿತು. ಹೀಗೆ ಕಟ್ಟಿದ ತಂತಿಯನ್ನು ಕಾರ್ಖಾನೆಯಲ್ಲಿ ಬಿಚ್ಚುವುದು ಪ್ರತ್ಯೇಕ ಕೆಲಸವಾಗಿ ರೂಪುಗೊಂಡಿತು.

ಬೇಲ್ ಮತ್ತು ತಂತಿ

ರದ್ದಿ ಕಾಗದವನ್ನು ಹೈಡ್ರಾಲಿಕ್ ಒತ್ತುಯಂತ್ರದಲ್ಲಿ ಅದುಮಿ ಬೇಲುಗಳನ್ನಾಗಿ ಮಾಡಲಾಗುತ್ತದೆ. ಅವುಗಳ ತೂಕವು ಕೆಲವು ನೂರು ಕಿಲೋಗ್ರಾಂಗಳಿಂದ ಒಂದು ಟನ್ನಿನ ಆಚೀಚೆ ಇರುತ್ತದೆ. ಒತ್ತಡದಿಂದ ಬಿಡಿಸಿಕೊಂಡ ಕಾಗದವು ಹಿಗ್ಗಲು ಹವಣಿಸುವುದರಿಂದ ಕಟ್ಟಿದ ತಂತಿಯು ಸದಾ ಬಿಗಿತದಲ್ಲಿರುತ್ತದೆ.

ಒಂದು ಟನ್ ತೂಗುವ ಬೇಲಿಗೆ 3 ಮಿ.ಮೀ. ದಪ್ಪದ ಐದು ತಂತಿಗಳನ್ನು ಬಿಗಿದು, ಪ್ರತಿಯೊಂದು ತಂತಿಯೂ 4 ಮೀಟರ್ ಉದ್ದವಿದೆಯೆಂದು ಭಾವಿಸಬಹುದು. ಈ ದಪ್ಪದ ಉಕ್ಕಿನ ತಂತಿಯು ಮೀಟರಿಗೆ ಸುಮಾರು 55 ಗ್ರಾಂ ತೂಗುವುದರಿಂದ ಒಂದು ಬೇಲಿನಲ್ಲಿ ಸುಮಾರು 1.1 ಕಿಲೋಗ್ರಾಂ ಉಕ್ಕು ಇರುತ್ತದೆ. ದಿನಕ್ಕೆ 500 ಟನ್ ರದ್ದಿಯನ್ನು ಬಳಸುವ ಕಾರ್ಖಾನೆಯಲ್ಲಿ ಈ ಲೆಕ್ಕದಂತೆ ಅರ್ಧ ಟನ್ನಿಗೂ ಹೆಚ್ಚು ತಂತಿ ಶೇಖರವಾಗುತ್ತದೆ. ಅದರ ಒಟ್ಟು ಉದ್ದ 10 ಕಿಲೋಮೀಟರ್.

ತಂತಿಯನ್ನು ತೆಗೆಯುವ ಅಗತ್ಯ

ತಂತಿಯನ್ನು ತೆಗೆಯಬೇಕೇ ಎಂಬುದು ಪಲ್ಪರಿನ ಬಗೆಯನ್ನು ಅವಲಂಬಿಸಿದೆ. ರಟ್ಟಿನ ಪೆಟ್ಟಿಗೆಗಳಿಗೆ ಬೇಕಾದ ಕಾಗದವನ್ನು ತಯಾರಿಸುವ ಅನೇಕ ಕಾರ್ಖಾನೆಗಳಲ್ಲಿ ತೆಳುವಾದ ತಿರುಳಿನ ತೆರೆದ ಪಲ್ಪರ್ ಇರುತ್ತದೆ. ಅದರ ಸುಳಿಯಲ್ಲಿ ತಂತಿ, ದಾರ, ಪ್ಲಾಸ್ಟಿಕ್ ಮತ್ತು ಬಟ್ಟೆಯ ಚೂರುಗಳು ಹೆಣೆದುಕೊಂಡು ದಪ್ಪ ಹಗ್ಗವಾಗುತ್ತವೆ. ಈ ಹಗ್ಗವನ್ನು ರಾಟೆಯಂತಹ ಸಾಧನವು ನಿಧಾನವಾಗಿ ಮೇಲಕ್ಕೆ ಎಳೆಯುತ್ತದೆ. ಇದಕ್ಕೆ ರ‍್ಯಾಗರ್ ಎಂಬ ಹೆಸರಿದೆ. ಹಗ್ಗ ಗಟ್ಟಿಯಾಗಿ ಹೆಣೆದುಕೊಳ್ಳಲು ತಂತಿಯೇ ಆಧಾರವಾದ್ದರಿಂದ ಇಂತಹ ಕಡೆ ಕೆಲವು ತಂತಿಗಳನ್ನು ಉದ್ದೇಶಪೂರ್ವಕವಾಗಿಯೇ ಉಳಿಸುವುದುಂಟು. ಆದರೆ ಹೊರಬಂದ ಹಗ್ಗದಲ್ಲಿ ಉಕ್ಕು ಮತ್ತು ಪ್ಲಾಸ್ಟಿಕ್ ಬೆರೆತಿರುವುದರಿಂದ ಅದನ್ನು ಮರುಬಳಸುವುದು ಕಷ್ಟ.

ಪತ್ರಿಕಾ ಕಾಗದ ಮತ್ತು ಬರವಣಿಗೆಯ ಕಾಗದಕ್ಕಾಗಿ ಶಾಯಿ ತೆಗೆಯುವ ಘಟಕಗಳಲ್ಲಿ ಉರುಳೆಯಾಕಾರದ ಪಲ್ಪರ್ ಬಳಕೆಯಲ್ಲಿದೆ. ಇದರಲ್ಲಿ ದಟ್ಟವಾದ ಕಾಗದರಾಶಿಯು ಉರುಳೆಯೊಳಗೆ ಮೇಲೇರಿ ಕೆಳಗೆ ಬೀಳುತ್ತಾ ಬಿಡಿಯಾಗುತ್ತದೆ. ಇದರೊಳಗೆ ತಂತಿ ಸೇರಿದರೆ ಅದು ಮುದ್ದೆಗಟ್ಟಿ ಜರಡಿಯ ರಂಧ್ರಗಳಿಗೆ ಅಡ್ಡಿಯಾಗುತ್ತದೆ. ಆದ್ದರಿಂದ ಇಲ್ಲಿ ತಂತಿಯನ್ನು ಮೊದಲೇ ತೆಗೆಯುವುದು ಅವಶ್ಯಕ. ಪಂಪುಗಳು ಮತ್ತು ಜರಡಿಗಳು ಬೇಗ ಸವೆಯದಂತೆ ಕಾಯುವುದೂ ಇದರ ಇನ್ನೊಂದು ಪ್ರಯೋಜನ.

ಕೈಯಿಂದ ಕತ್ತರಿಸುವ ವಿಧಾನ

ಸಾಂಪ್ರದಾಯಿಕವಾಗಿ ಕಾರ್ಮಿಕರು ಉದ್ದ ಹಿಡಿಯ ಕಟ್ಟರಿನಿಂದ ತಂತಿಗಳನ್ನು ಒಂದೊಂದಾಗಿ ಕತ್ತರಿಸಿ ಕೈಯಿಂದ ಎಳೆದು ತೆಗೆಯುತ್ತಾರೆ. ಈ ವಿಧಾನಕ್ಕೆ ಬಂಡವಾಳ ಕಡಿಮೆ, ಅಪಾಯ ಹೆಚ್ಚು. ಬಿಗಿತದಲ್ಲಿರುವ ತಂತಿಯು ತುಂಡಾದ ಕ್ಷಣದಲ್ಲಿ ಚಾಟಿಯಂತೆ ಸಿಡಿದು ಕಣ್ಣು, ಮುಖ ಮತ್ತು ಕೈಗಳಿಗೆ ಗಾಯ ಮಾಡಬಲ್ಲದು. ತಂತಿ ಕಳಚಿದ ಬೇಲು ಕುಸಿದು ಮೈಮೇಲೆ ಬೀಳಬಹುದು. ಚಲಿಸುವ ಕನ್ವೇಯರಿನ ಬಳಿ ನಿಂತು ಕೆಲಸ ಮಾಡುವಾಗ ತಂತಿಯು ಬಟ್ಟೆಗೆ ಸಿಕ್ಕಿಕೊಂಡರೆ ಕಾರ್ಮಿಕನು ಪಲ್ಪರಿನ ಕಡೆಗೆ ಎಳೆಯಲ್ಪಡುವ ಸಂಭವವೂ ಇದೆ. ಭಾರತದ 1948ರ ಕಾರ್ಖಾನೆಗಳ ಅಧಿನಿಯಮದ 21ನೆಯ ಪ್ರಕರಣವು ಯಂತ್ರಗಳಿಗೆ ತಡೆಬೇಲಿ ಇರಬೇಕೆಂದೂ 35ನೆಯ ಪ್ರಕರಣವು ಕಣ್ಣಿನ ರಕ್ಷಣೆಯ ಬಗೆಗೂ ಹೇಳುತ್ತಿದ್ದವು.

ಯಂತ್ರದ ಕಾರ್ಯವಿಧಾನ

ತಯಾರಕರಿಗೆ ತಕ್ಕಂತೆ ಯಂತ್ರಗಳ ರಚನೆಯಲ್ಲಿ ವ್ಯತ್ಯಾಸಗಳಿದ್ದರೂ ಕೆಲಸದ ಹಂತಗಳು ಬಹುಮಟ್ಟಿಗೆ ಹೀಗಿವೆ:

1. ಫೋರ್ಕ್‌ಲಿಫ್ಟ್ ವಾಹನವು ಬೇಲುಗಳನ್ನು ಕನ್ವೇಯರಿನ ಮೇಲೆ ಸಾಲಾಗಿ ಇರಿಸುತ್ತದೆ.
2. ಲೋಹಸಂವೇದಕ, ಕ್ಯಾಮೆರಾ ಅಥವಾ ಲೇಸರ್ ಅಳತೆಯ ನೆರವಿನಿಂದ ತಂತಿಗಳ ಸ್ಥಾನ ಮತ್ತು ದಿಕ್ಕನ್ನು ಗುರುತಿಸಲಾಗುತ್ತದೆ. ದಿಕ್ಕು ಸರಿಯಿಲ್ಲದಿದ್ದರೆ ತಿರುಗುವ ಮೇಜು ಬೇಲನ್ನು ತಿರುಗಿಸುತ್ತದೆ.
3. ಬೇಲು ಅಲುಗದಂತೆ ಒತ್ತಿಹಿಡಿದು, ತಂತಿಗಳನ್ನು ಒಂದು ಬದಿಯಲ್ಲಿ ಕತ್ತರಿಸಲಾಗುತ್ತದೆ.
4. ಇನ್ನೊಂದು ಬದಿಯಲ್ಲಿ ತಿರುಗುವ ಕೊಕ್ಕೆಯು ತಂತಿಗಳನ್ನು ಹಿಡಿದು ಸುತ್ತುತ್ತಾ ಹೊರಗೆಳೆಯುತ್ತದೆ.
5. ಸುರುಳಿಯನ್ನು ಅದುಮಿ ಪೆಟ್ಟಿಗೆಗೆ ಬೀಳಿಸಲಾಗುತ್ತದೆ. ಬಿಡಿಯಾದ ಕಾಗದವು ಪಲ್ಪರಿಗೆ ಸಾಗುತ್ತದೆ.

ಕೆಲವು ವ್ಯವಸ್ಥೆಗಳಲ್ಲಿ ಕೀಲುಗಳುಳ್ಳ ರೋಬಾಟ್ ತೋಳು ಕತ್ತರಿಸುವ ಮತ್ತು ಸುತ್ತುವ ಕೆಲಸಗಳನ್ನು ನಿರ್ವಹಿಸುತ್ತದೆ. ಸಂಗ್ರಹವಾದ ತಂತಿಯು ಬಹುತೇಕ ಶುದ್ಧ ಉಕ್ಕಾಗಿರುವುದರಿಂದ ಗುಜರಿಗೆ ಮಾರಾಟವಾಗಿ ಮರಳಿ ಕುಲುಮೆ ಸೇರುತ್ತದೆ.

ತೊಡಕುಗಳು

ಬೇಲುಗಳು ಬೇರೆಬೇರೆ ಊರುಗಳಿಂದ ಮತ್ತು ಬೇರೆಬೇರೆ ಒತ್ತುಯಂತ್ರಗಳಿಂದ ಬರುವುದರಿಂದ ಅವುಗಳ ಅಳತೆ, ತಂತಿಗಳ ಸಂಖ್ಯೆ ಮತ್ತು ಗಂಟಿನ ಬಗೆ ಒಂದೇ ತೆರನಾಗಿರುವುದಿಲ್ಲ. ಮಳೆಯಲ್ಲಿ ನೆನೆದು ಉಬ್ಬಿದ ಬೇಲಿನಲ್ಲಿ ತಂತಿಯು ಕಾಗದದೊಳಗೆ ಹೂತುಹೋಗಿ ಕ್ಯಾಮೆರಾಕ್ಕೆ ಕಾಣದಾಗುತ್ತದೆ. ತುಕ್ಕು ಹಿಡಿದ ತಂತಿಯು ಎಳೆಯುವಾಗ ನಡುವೆ ತುಂಡಾಗಿ ಒಳಗೆ ಉಳಿಯಬಹುದು. ಅಡ್ಡಲಾಗಿಯೂ ಉದ್ದವಾಗಿಯೂ ಕಟ್ಟಿದ ಬೇಲುಗಳು ಯಂತ್ರಕ್ಕೆ ಹೆಚ್ಚಿನ ಕಷ್ಟ ಕೊಡುತ್ತವೆ. ತಂತಿಯ ಬದಲು ಪ್ಲಾಸ್ಟಿಕ್ ಪಟ್ಟಿಯನ್ನು ಬಳಸಿದ್ದರೆ ಲೋಹಸಂವೇದಕವು ಅದನ್ನು ಗುರುತಿಸಲಾರದು. ಆದಕಾರಣ ಯಂತ್ರವಿರುವ ಕಡೆಯೂ ತಪ್ಪಿದ ತಂತಿಯನ್ನು ಗಮನಿಸಲು ನುರಿತ ಸಿಬ್ಬಂದಿಯ ಅಗತ್ಯವಿರುತ್ತದೆ. ಸಿಲುಕಿದ ತಂತಿಯನ್ನು ಬಿಡಿಸಲು ಒಳಗೆ ಹೋಗುವ ಮುನ್ನ ವಿದ್ಯುತ್ತನ್ನು ಕಡಿದು ಬೀಗ ಹಾಕುವುದು ಸುರಕ್ಷತೆಯ ಮುಖ್ಯ ನಿಯಮವಾಗಿದೆ.

ಭಾರತದಲ್ಲಿ

ಭಾರತದ ಕಾಗದ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಬಳಸಿದ ಕಾಗದವನ್ನು ಅವಲಂಬಿಸಿದೆ. ದೇಶದೊಳಗಿನ ಸಂಗ್ರಹ ಸಾಲದಿರುವುದರಿಂದ ವಿದೇಶಗಳಿಂದಲೂ ರದ್ದಿ ಬೇಲುಗಳು ಆಮದಾಗುತ್ತವೆ. ಕರ್ನಾಟಕದಲ್ಲಿ ನಂಜನಗೂಡಿನ ಬಳಿ ರದ್ದಿಯಿಂದ ಕಾಗದ ತಯಾರಿಸುವ ಕಾರ್ಖಾನೆಯಿದೆ. ಸಣ್ಣ ಪ್ರಮಾಣದ ಘಟಕಗಳಲ್ಲಿ ಯಂತ್ರದ ಬೆಲೆಗೆ ಹೋಲಿಸಿದರೆ ಕೂಲಿಯ ವೆಚ್ಚ ಕಡಿಮೆಯಾದ್ದರಿಂದ ಕೈಯಿಂದ ಕತ್ತರಿಸುವುದೇ ಲಾಭದಾಯಕವಾಗಿ ತೋರುತ್ತದೆ. ಆದರೆ ಈ ಲೆಕ್ಕದಲ್ಲಿ ಕಾರ್ಮಿಕನ ಕಣ್ಣಿಗೆ ಆಗಬಹುದಾದ ಹಾನಿಯ ಬೆಲೆ ಸೇರಿರುವುದಿಲ್ಲ. ಇನ್ನೊಂದೆಡೆ, ಯಂತ್ರ ಬಂದಾಗ ತಂತಿ ಕತ್ತರಿಸುತ್ತಿದ್ದವರ ಕೆಲಸಕ್ಕೆ ಧಕ್ಕೆಯಾಗುತ್ತದೆ. ಅವರಿಗೆ ಯಂತ್ರ ನಡೆಸುವ ಅಥವಾ ರದ್ದಿ ವಿಂಗಡಿಸುವ ತರಬೇತಿ ನೀಡುವುದು ಇದಕ್ಕೆ ಒಂದು ಪರಿಹಾರ. ಯಂತ್ರವನ್ನು ಕೊಳ್ಳಲಾಗದ ಘಟಕಗಳಲ್ಲಿ ಕನ್ನಡಕ, ದಪ್ಪ ಕೈಗವಸು, ತಂತಿಯ ತುದಿಯನ್ನು ಹಿಡಿದುಕೊಳ್ಳುವ ಕಟ್ಟರ್ ಮತ್ತು ನಿಂತ ಕನ್ವೇಯರಿನ ಮೇಲಷ್ಟೇ ತಂತಿ ಕತ್ತರಿಸುವ ಕ್ರಮ ಇವುಗಳಿಂದ ಅಪಾಯವನ್ನು ತಗ್ಗಿಸಬಹುದು.