ಕಟ್ಟು ಒಂದೇ, ಗದ್ದೆ ಹಲವರದು

ಕರ್ನಾಟಕದ ಸಹಕಾರ ಚಳವಳಿಯ ಕಥೆಯನ್ನು 1905ರಿಂದ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಸಂಘದಿಂದ ಆರಂಭಿಸುವುದು ವಾಡಿಕೆ. ಆದರೆ ಕಾಯ್ದೆ, ನೋಂದಣಿಗಳ ಹಂಗಿಲ್ಲದೆ ಕೂಡಿ ದುಡಿಯುವ ಪದ್ಧತಿಯೊಂದು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಬೆಳೆದುಬಂದಿದೆ. ಅದು ಗಜನಿ ಬೇಸಾಯ.

ಉಬ್ಬರದ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆಯೇ ಗಜನಿ. ಮಣ್ಣಿನ ಕಟ್ಟು ಹಾಕಿ, ತೂಬಿಗೆ ಮರದ ಹಲಗೆ ಜೋಡಿಸಿ ಆ ನೀರನ್ನು ತಡೆಯಬೇಕು. ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಬಳಿಕ ಕಗ್ಗ ಭತ್ತದ ಬಿತ್ತನೆ. ಉಪ್ಪನ್ನೂ ನೆರೆಯನ್ನೂ ತಾಳಬಲ್ಲ ತಳಿ ಇದು. ಕೊಯ್ಲು ಮುಗಿದ ಮೇಲೆ ತೂಬು ತೆರೆದರೆ ಅದೇ ಗದ್ದೆಗೆ ಮೀನು, ಸೀಗಡಿ ಬರುತ್ತವೆ. ಕೊಳೆತ ಕೂಳೆಯೇ ಅವುಗಳಿಗೆ ಆಹಾರ.

ಇಲ್ಲಿ ಒಗ್ಗಟ್ಟು ಬರಿಯ ಆದರ್ಶವಲ್ಲ, ಅನಿವಾರ್ಯ. ಹಿಡುವಳಿ ಹಲವರದಾದರೂ ಕಟ್ಟು ಒಂದೇ. ಒಂದೆಡೆ ಬಿರುಕು ಬಿಟ್ಟರೆ ಎಲ್ಲರ ಪೈರೂ ಉಪ್ಪಾಗುತ್ತದೆ. ಆದ್ದರಿಂದ ಕಟ್ಟಿನ ದುರಸ್ತಿ, ತೂಬಿನ ಕಾವಲು ಎಲ್ಲರ ಹೊಣೆಯಾಯಿತು.

1970ರ ದಶಕದಲ್ಲಿ ಖಾರ್‌ಲ್ಯಾಂಡ್ ಯೋಜನೆಯಡಿ ಸರ್ಕಾರ ಕಾಯಂ ಕಟ್ಟುಗಳನ್ನು ನಿರ್ಮಿಸಿತು. ವರ್ಷವರ್ಷವೂ ಮಣ್ಣು ಹೊರುವ ಶ್ರಮ ತಪ್ಪಿತು. ಜೊತೆಗೆ, ಜನರನ್ನು ಒಟ್ಟಿಗೆ ಕರೆಯುತ್ತಿದ್ದ ಕೆಲಸವೂ ತಪ್ಪಿತು. ಮುಂದೆ ಸೀಗಡಿಯ ರಫ್ತು ಬೆಲೆ ಏರಿದಾಗ ಹಲವು ಗಜನಿಗಳು ಸೀಗಡಿ ಕೆರೆಗಳಾದವು. ಸೀಗಡಿಗೆ ಉಪ್ಪುನೀರು ಬೇಕು, ಭತ್ತಕ್ಕೆ ಬೇಡ. ಒಂದೇ ತೂಬಿನ ಸುತ್ತ ಎರಡು ಹಿತಾಸಕ್ತಿಗಳು ನಿಂತವು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ದೇಶದ ಸೀಗಡಿ ಕೃಷಿಗೆ ಪೆಟ್ಟು ಕೊಟ್ಟಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ವಾಣಿಜ್ಯ ಸೀಗಡಿ ಕೆರೆಗಳನ್ನು ನಿಷೇಧಿಸಿ, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ನೀಡಿತು. ಅಷ್ಟರಲ್ಲಿ ಎಷ್ಟೋ ಗದ್ದೆಗಳು ಕಗ್ಗವನ್ನು ಮರೆತಿದ್ದವು.

ಇದೇ ಅಳಿವೆಯ ಸಾಣಿಕಟ್ಟಾದ ದಾರಿ ಬೇರೆ. ಅಲ್ಲಿನ ಉಪ್ಪಿನಾಗರಗಳ ಒಡೆಯರು 1952ರಲ್ಲಿ ನಾಗರಬೈಲ ಉಪ್ಪಿನ ಮಾಲೀಕರ ಸಹಕಾರಿ ಸಂಘ ಕಟ್ಟಿದರು. ಬಿಸಿಲಿಗೆ ಒಣಗುವ ಉಪ್ಪಿನ ವ್ಯವಹಾರ ಸಂಘದ ಕೈಗೆ ಬಂತು. ಗಜನಿಯ ಅಲಿಖಿತ ಕಟ್ಟಳೆಗೆ ಇಲ್ಲದಿದ್ದ ಬರಹದ ಬಲ ಇಲ್ಲಿತ್ತು.

2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ಗೌರವವೇನೋ ದೊಡ್ಡದೇ. ಆದರೆ ತೂಬಿನ ಹಲಗೆಯನ್ನು ಯಾವಾಗ ಇಳಿಸಬೇಕು, ಯಾವಾಗ ಎತ್ತಬೇಕು ಎಂಬುದನ್ನು ಪಟ್ಟಿ ತೀರ್ಮಾನಿಸದು. ಆ ಕಟ್ಟಿನೊಳಗೆ ಗದ್ದೆಯುಳ್ಳವರೇ ಕೂಡಿ ಕುಳಿತು ತೀರ್ಮಾನಿಸಬೇಕು.