ಹಿಂಡಿನ ಹಾದಿಯೇ ನಾಡು

ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಬೋಧಿಸುವಾಗ, ನಾಡೆಂದರೆ ಭೂಪಟದ ಗೆರೆಗಳೊಳಗಿನ ನೆಲವೆಂದೇ ಹೇಳುತ್ತಿದ್ದೆ. ನಿವೃತ್ತಿಯ ನಂತರ ಓದಿದ, ಉತ್ತರ ಕೆನಡಾದ ಚಿಪೆವಯನ್ ಜನರ ಚರಿತ್ರೆ ನನ್ನ ಆ ಪಾಠವನ್ನು ತಿದ್ದಿತು.

ತಮ್ಮನ್ನು 'ಡೆನೆ' ಎಂದು ಕರೆದುಕೊಳ್ಳುವ ಇವರಿಗೆ ಅನ್ನ, ಉಡುಪು, ಡೇರೆ ಎಲ್ಲವೂ ಕ್ಯಾರಿಬೂ ಎಂಬ ಹಿಮಸಾರಂಗದಿಂದಲೇ ದೊರೆಯುತ್ತಿತ್ತು. ಅದರ ಹಿಂಡುಗಳು ಚಳಿಗಾಲವನ್ನು ಕಾಡಿನಲ್ಲಿ ಕಳೆದು, ವಸಂತದಲ್ಲಿ ಮರಗಳಿಲ್ಲದ ಟಂಡ್ರಾ ಬಯಲಿಗೆ ಈಯಲು ಹೋಗುತ್ತವೆ. ಈ ಜನ ಕಾಡು-ಬಯಲುಗಳ ಅಂಚಿನಲ್ಲಿ, ಹಿಂಡು ನೀರು ದಾಟುವ ಎಡೆಗಳಲ್ಲಿ ಕಾದಿರುತ್ತಿದ್ದರು. ದೋಣಿಯಿಂದ ಈಟಿ ತಿವಿಯಲು, ಪೊದೆಬೇಲಿಯ ದೊಡ್ಡಿಗೆ ಅಟ್ಟಲು ಹಲವು ಕುಟುಂಬಗಳು ಒಂದಾಗಬೇಕಿತ್ತು. ಹಿಂಡು ಚದುರಿದಾಗ ಗುಂಪೂ ಒಡೆಯುತ್ತಿತ್ತು. ಹಿಂಡು ಹಾದಿ ಬದಲಿಸಿದ ವರ್ಷ ಬೇರೆ ಗುಂಪಿನ ನೆಂಟರೇ ಆಸರೆ. ಅಲ್ಲಿ ಬಂಧುತ್ವವೇ ಬಾಳಿನ ಬುತ್ತಿ. ಗಡಿ ಕಟ್ಟಿಕೊಂಡವನು ಹಸಿದು ಸಾಯುತ್ತಿದ್ದ.

ಸರಕಾರಕ್ಕೆ ಇದು ತಿಳಿಯಲಿಲ್ಲ. ಬೇಟೆಯಿಂದ ಕ್ಯಾರಿಬೂ ಅಳಿಯುತ್ತಿದೆಯೆಂದು ತಪ್ಪಾಗಿ ಬಗೆದು, 1956ರಲ್ಲಿ ಡಕ್ ಲೇಕ್‌ನ ಸಾಯಿಸಿ ಡೆನೆ ಬಣವನ್ನು ಚರ್ಚಿಲ್ ಪಟ್ಟಣದ ಅಂಚಿಗೆ ಸಾಗಿಸಿತು. ಬೇಟೆಯಿಲ್ಲದೆ, ಬಡತನದಲ್ಲಿ ಬಹಳ ಮಂದಿ ಅಕಾಲದಲ್ಲಿ ಮಡಿದರು. 1973ರಲ್ಲಿ ಹಲವರು ಟಾಡೂಲ್ ಸರೋವರದ ಬಳಿ, ಮರಳಿ ಕ್ಯಾರಿಬೂ ಸೀಮೆಯಲ್ಲಿ ನೆಲೆಸಿದರು. ಸರಕಾರ ಕ್ಷಮೆ ಕೇಳಿದ್ದು 2016ರಲ್ಲಿ.

ಈಗ ತರಗತಿಗೆ ಮರಳುವಂತಿದ್ದರೆ, ಭೂಪಟದ ಮೇಲೆ ಗೆರೆಗಳ ಜೊತೆಗೆ ಹಿಂಡಿನ ಹಾದಿಯನ್ನೂ ಬರೆದು ತೋರಿಸುತ್ತಿದ್ದೆ.