ಹತ್ತಿರದ ಹೆದರಿಕೆ, ದೂರದ ದೋಸ್ತಿ

ಶಾಲೆಯಲ್ಲಿ ಇತಿಹಾಸ ಓದುವಾಗ ನನಗೊಂದು ಸಿಟ್ಟಿತ್ತು. ಮರಾಠರು, ನಿಜಾಮ ಇಬ್ಬರೂ ಟಿಪ್ಪು ವಿರುದ್ಧ ಬ್ರಿಟಿಷರ ಜೊತೆ ಸೇರಿಕೊಂಡ್ರಲ್ಲ, ಮುಂದೆ ಏನಾಗುತ್ತೆ ಅಂತ ಗೊತ್ತಾಗಲಿಲ್ವಾ? 'ದ್ರೋಹ' ಅಂತ ಒಂದೇ ಪದದ ಉತ್ತರ ಇಟ್ಟುಕೊಂಡಿದ್ದೆ. ಈಗ ಅದು ಸಾಲದು ಅನ್ನಿಸುತ್ತೆ.

ಯಾಕಂದ್ರೆ 1780ರಲ್ಲಿ ಹೈದರ್ ಅಲಿ, ಪುಣೆ, ಹೈದರಾಬಾದ್ ಮೂವರೂ ಕಂಪನಿ ವಿರುದ್ಧ ಒಂದಾಗಿದ್ದರು. ಹತ್ತು ವರ್ಷ ಕಳೆದು 1790ಕ್ಕೆ ಬಂದ್ರೆ, ಪುಣೆ ಮತ್ತು ಹೈದರಾಬಾದ್ ಕಂಪನಿಯ ಪಕ್ಕ ನಿಂತಿವೆ. ಆಳುವವರು ಬದಲಾದ್ರಾ? ಇಲ್ಲ. ಪುಣೆಯಲ್ಲಿ ಅದೇ ನಾನಾ ಫಡ್ನವೀಸ್, ಹೈದರಾಬಾದಿನಲ್ಲಿ ಅದೇ ನಿಜಾಮ್ ಅಲಿ. ಬದಲಾಗಿದ್ದು ಹೆದರಿಕೆಯ ದಿಕ್ಕು.

ಅಂತರರಾಷ್ಟ್ರೀಯ ರಾಜಕೀಯದಲ್ಲಿ ವಾಸ್ತವವಾದ ಅಂತ ಒಂದು ಚಿಂತನೆ ಇದೆ. ರಾಜ್ಯಗಳಿಗೆ ತೊಂದರೆಯಾದ್ರೆ ದೂರು ಕೊಡೋಕೆ ಪೊಲೀಸ್ ಸ್ಟೇಷನ್ ಇಲ್ಲ, ತಮ್ಮ ರಕ್ಷಣೆ ತಾವೇ ನೋಡ್ಕೋಬೇಕು ಅನ್ನೋದು ಅದರ ಮೂಲ ಮಾತು. 1987ರಲ್ಲಿ ಸ್ಟೀಫನ್ ವಾಲ್ಟ್ ಇದಕ್ಕೆ ಇನ್ನೊಂದನ್ನು ಸೇರಿಸಿದರು: ರಾಜ್ಯಗಳು ಬರೀ ಬಲ ನೋಡಲ್ಲ, ಅಪಾಯ ನೋಡುತ್ತವೆ. ಯಾರು ಹತ್ತಿರ ಇದ್ದಾರೆ? ಯಾರ ಸೈನ್ಯ ನುಗ್ಗಿ ಬರಬಹುದು? ಯಾರ ಉದ್ದೇಶ ಅನುಮಾನ ಹುಟ್ಟಿಸುತ್ತೆ?

ಈ ಕಣ್ಣಲ್ಲಿ ನೋಡಿ. 1785ರಿಂದ 87ರವರೆಗೆ ನರಗುಂದ, ಬಾದಾಮಿ ಕಡೆ ಇವರೆಲ್ಲ ಟಿಪ್ಪು ಜೊತೆ ಕಾದಾಡಿದ್ದರು. ಟಿಪ್ಪು ಗಡಿಗೆ ಅಂಟಿಕೊಂಡೇ ಇದ್ದ. ಕಂಪನಿಯ ದೊಡ್ಡ ನೆಲೆಗಳಿದ್ದದ್ದು ದೂರದ ಕರಾವಳಿಯಲ್ಲಿ. ಹಾಗಾಗಿ ಲೆಕ್ಕ ಸರಿಯಾಗೇ ಕಂಡಿರಬೇಕು.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ. 3 ಕೋಟಿ 30 ಲಕ್ಷ ರೂಪಾಯಿ ದಂಡ ಬೇರೆ. ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಾಗಿ ಕಳಿಸಬೇಕಾಯ್ತು. ಮಿತ್ರರು ನೆಲ ಹಂಚಿಕೊಂಡರು.

ಆಮೇಲೆ? 1795ರಲ್ಲಿ ಖರ್ಡಾದಲ್ಲಿ ಮರಾಠರು ನಿಜಾಮನನ್ನೇ ಸೋಲಿಸಿದರು. ಕಂಪನಿ ನೆರವಿಗೆ ಬರಲಿಲ್ಲ. 1798ರಲ್ಲಿ ನಿಜಾಮ ಕಂಪನಿಯ ಪಡೆಯನ್ನು ತನ್ನ ಖರ್ಚಲ್ಲೇ ಇಟ್ಟುಕೊಳ್ಳೋಕೆ ಒಪ್ಪಿದ. 1799ರಲ್ಲಿ ಟಿಪ್ಪು ಸತ್ತ. 1802ರಲ್ಲಿ ಪೇಶ್ವೆಯೂ ಅಂಥದ್ದೇ ಒಪ್ಪಂದಕ್ಕೆ ಸಹಿ ಹಾಕಿದ. 1818ಕ್ಕೆ ಪೇಶ್ವೆಗಿರಿಯೇ ಮುಗಿಯಿತು.

ಅವರು ಯಾಕೆ ಹೆದರಿದರು ಅನ್ನೋದನ್ನ ವಾಸ್ತವವಾದ ಚೆನ್ನಾಗಿ ಹೇಳುತ್ತೆ. ಸರಿಯಾದವರಿಗೆ ಹೆದರಿದರಾ ಅಂತ ಮಾತ್ರ ಹೇಳಲ್ಲ. ಆ ಇಬ್ಬರು ಹುಡುಗರು ಕೋಟೆಯಿಂದ ಹೊರಬಂದಾಗ ಪುಣೆ, ಹೈದರಾಬಾದ್ ನಿಟ್ಟುಸಿರು ಬಿಟ್ಟಿರಬಹುದು. ಆದರೆ ಮಕ್ಕಳು ಹೋಗಿದ್ದು ಯಾರ ಶಿಬಿರಕ್ಕೆ ಗೊತ್ತಾ? ಕಂಪನಿಯ ಶಿಬಿರಕ್ಕೆ.